ಕಾಯಿಲ್‌ಓವರ್ ಹಾಕಿಸಿದ ಮೇಲೆ ಮುಂದೆ ಟಕ್ ಟಕ್ ಸದ್ದು: ಎಲ್ಲಿಂದ ಹುಡುಕಬೇಕು

ಕಾರಿಗೆ ಕಾಯಿಲ್‌ಓವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕಪ್ ಜೋಡಣೆ, ಹಾಕಿಸಿ ಹನ್ನೊಂದು ದಿನ ಆಗಿತ್ತು. ಎಡಗಡೆ ಮುಂದಿನ ಚಕ್ರದಿಂದ ಸದ್ದು ಶುರುವಾಯಿತು. ಬೆಳಗಾವಿಯ ಟಿಳಕವಾಡಿಯ ಎರಡನೇ ರೈಲ್ವೆ ಗೇಟ್‌ನಲ್ಲಿ ಹಳಿ ದಾಟುವಾಗ ಟಕ್ ಟಕ್. ಮನೆ ಹತ್ತಿರದ ಸಣ್ಣ ಹಂಪ್ ಮೇಲೆ ಟಕ್. ಅದೇ ಗಾಡಿ ಹೆದ್ದಾರಿಗೆ ಬಂದು ಕಿತ್ತೂರಿನ ಕಡೆ ಹೊರಟರೆ ಒಂದು ಸದ್ದೂ ಇಲ್ಲ.

ಮೂರು ಕಡೆ ತೋರಿಸಿದೆ. ಮೂರೂ ಕಡೆ ಒಂದೇ ಮಾತು. "ಶಾಕಪ್ ಹೋಗೇತ್ರಿ ಸರ, ಬದಲಿ ಮಾಡ್ರಿ." ಹೊಸ ಶಾಕಪ್ ಹನ್ನೊಂದು ದಿನಕ್ಕೆ ಹೋಗುತ್ತಾ ಅಂತ ಯಾರೂ ಯೋಚಿಸಲಿಲ್ಲ. ಒಬ್ಬರೂ ಗಾಡಿ ಎತ್ತಿ ಅಳತೆ ಹಿಡಿಯಲಿಲ್ಲ. ಕಿವಿಯಿಂದ ಕೇಳಿ ಬಿಲ್ಲು ಹೇಳಿದರು, ಅಷ್ಟೇ.

ನಾನು ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡುತ್ತೇನೆ. ದಿನವಿಡೀ ಮೈಕ್ರೋಮೀಟರ್, ಡಯಲ್ ಗೇಜ್ ಜೊತೆ ಕೆಲಸ. ಹಾಗಾಗಿ ನಾನೇ ಹುಡುಕೋಣ ಅಂತ ಕೂತೆ. ಎರಡು ಭಾನುವಾರ ಹಿಡಿಯಿತು. ಅದೇ ಕ್ರಮದಲ್ಲಿ ಬರೆಯುತ್ತೇನೆ. ನಿಮ್ಮ ಗಾಡಿಯಲ್ಲೂ ಇಂಥ ಸದ್ದು ಇದ್ದರೆ ಶಾಕಪ್‌ಗೆ ದುಡ್ಡು ಹಾಕುವ ಮುಂಚೆ ಇಷ್ಟು ಮಾಡಿ ನೋಡಿ.

ಮೊದಲು ಈ ಸಾಮಾನು ಏನು ಅಂತ ತಿಳಿಯಿರಿ

ಶಾಕಪ್ ಮೈ ಸುತ್ತ ಸ್ಪ್ರಿಂಗ್ ಕೂತಿರುವ ಒಂದೇ ಜೋಡಣೆಗೆ ಕಾಯಿಲ್‌ಓವರ್ ಅನ್ನುತ್ತಾರೆ. ಪೋಲೋ, ಸ್ವಿಫ್ಟ್, ಐ20 ಇವುಗಳ ಮುಂದೆ ಕಂಪನಿಯಿಂದಲೇ ಬರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಕೂಡ ನೋಡಲು ಹಾಗೇ ಇರುತ್ತದೆ. ಹೊರಗಿನ ಕಿಟ್‌ನಲ್ಲಿ ಶಾಕಪ್ ಮೈಗೆ ಥ್ರೆಡ್ ಕಡಿದಿರುತ್ತಾರೆ. ಸ್ಪ್ರಿಂಗ್ ಕೂರುವ ರಿಂಗ್ ಆ ಥ್ರೆಡ್ ಮೇಲೆ ತಿರುಗುತ್ತದೆ. ಅದರ ಕೆಳಗೆ ಇನ್ನೊಂದು ಲಾಕ್ ರಿಂಗ್. ಒಳ್ಳೆಯ ಕಿಟ್‌ನಲ್ಲಿ ಕೆಳಗಿನ ಬ್ರಾಕೆಟ್ ಕೂಡ ಬೇರೆಯಾಗಿ ಮೇಲೆ ಕೆಳಗೆ ಹೋಗುತ್ತದೆ. ಎತ್ತರ ಬದಲಿಸಲು ಬ್ರಾಕೆಟ್, ಸ್ಪ್ರಿಂಗ್ ಬಿಗಿ ಬದಲಿಸಲು ರಿಂಗ್. ಇವೆರಡನ್ನು ಬೇರೆ ಬೇರೆ ಇಟ್ಟುಕೊಳ್ಳಬಹುದು ಅನ್ನುವುದೇ ಅದರ ದೊಡ್ಡ ಅನುಕೂಲ.

ಹಿಂದುಗಡೆ ಕಥೆ ಬೇರೆ. ಟಾರ್ಶನ್ ಬೀಮ್, ಅಂದರೆ ಹಿಂದಿನ ಎರಡೂ ಚಕ್ರ ಸೇರಿಸುವ ಅಡ್ಡ ತೊಲೆ ಇರುವ ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಸ್ಪ್ರಿಂಗ್ ಒಂದು ಕಡೆ, ಶಾಕಪ್ ಇನ್ನೊಂದು ಕಡೆ ಇರುತ್ತದೆ. ಕಿಟ್ ಡಬ್ಬದ ಮೇಲೆ ಕಾಯಿಲ್‌ಓವರ್ ಅಂತ ಬರೆದಿದ್ದರೂ ಹಿಂದೆ ಬರುವುದು ಬಿಡಿ ಸ್ಪ್ರಿಂಗ್, ಬಿಡಿ ಶಾಕಪ್, ಎತ್ತರಕ್ಕೆ ಒಂದು ಅಡ್ಜಸ್ಟರ್. ಅದು ಮೋಸ ಅಲ್ಲ, ಗಾಡಿಯ ರಚನೆಯೇ ಹಾಗೆ.

ಶಾಕಪ್ ಅನ್ನು ಗಾಡಿಯ ಮೈಗೆ ಹಿಡಿಯುವ ಮೇಲ್ಭಾಗದ ಮೌಂಟ್ ಬಗ್ಗೆ ಒಂದು ಮಾತು. ಕಂಪನಿ ಗಾಡಿಯಲ್ಲಿ ಅಲ್ಲಿ ದಪ್ಪ ರಬ್ಬರ್ ಇರುತ್ತದೆ. ಕಿಟ್‌ನಲ್ಲಿ ಸಾಮಾನ್ಯವಾಗಿ ಪಿಲ್ಲೋ ಬಾಲ್, ಅಂದರೆ ಗೋಳಾಕಾರದ ಉಕ್ಕಿನ ಬೇರಿಂಗ್ ಬರುತ್ತದೆ. ರಬ್ಬರ್ ಇದ್ದಾಗ ಸಣ್ಣಪುಟ್ಟ ಸದ್ದನ್ನೆಲ್ಲಾ ಅದು ನುಂಗುತ್ತಿತ್ತು. ಉಕ್ಕಿಗೆ ಉಕ್ಕು ತಾಗಿದರೆ ಎಲ್ಲವೂ ಒಳಗೆ ಕೇಳುತ್ತದೆ. ಆದ್ದರಿಂದ ಹಾಕಿಸಿದ ದಿನದಿಂದಲೇ ರಸ್ತೆಯ ಸದ್ದು ಸ್ವಲ್ಪ ಜಾಸ್ತಿ ಕೇಳಿದರೆ ಗಾಬರಿ ಬೇಡ. ಒಂದೇ ಕಡೆಯಿಂದ ಬರುವ ಸದ್ದು, ಇದ್ದಕ್ಕಿದ್ದಂತೆ ಶುರುವಾದ ಸದ್ದು, ದಿನ ಕಳೆದಂತೆ ಜೋರಾಗುವ ಸದ್ದು. ಇವನ್ನು ಬಿಡಬಾರದು.

ಸದ್ದು ಯಾವ ಥರ ಅಂತ ಬರೆದಿಡಿ

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನಿಧಾನಕ್ಕೆ ಓಡಿಸಿ. ಕಿಟಕಿ ಇಳಿಸಿ, ಎಸಿ ಬಂದ್ ಮಾಡಿ. ಯಾವಾಗ, ಯಾವ ವೇಗ, ಯಾವ ರಸ್ತೆ, ಸ್ಟೇರಿಂಗ್ ಎತ್ತ ತಿರುಗಿತ್ತು, ಎಲ್ಲಾ ಬರೆಯಿರಿ. ನಾನು ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ, ಗಾಡಿಯ ಡ್ಯಾಶ್‌ಬೋರ್ಡ್ ಒಳಗೇ.

ಸಣ್ಣ ಏರುಪೇರಿಗೆ, ನಿಧಾನ ವೇಗದಲ್ಲಿ ಟಕ್ ಟಕ್ ಅಂದರೆ ಎಲ್ಲೋ ಸಡಿಲ ಇದೆ. ದೊಡ್ಡ ತಗ್ಗಿಗೆ ಮಾತ್ರ ಧಡ್ ಅಂತ ಎದೆಗೆ ಬಡಿದಂತೆ ಆದರೆ ಶಾಕಪ್ ಪೂರ್ತಿ ಕುಸಿದು ಬಂಪ್ ಸ್ಟಾಪ್‌ಗೆ (ಕೊನೆಯ ಹೊಡೆತ ತಡೆಯುವ ರಬ್ಬರ್ ತುಂಡು) ಹೊಡೆಯುತ್ತಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಂಯ್ ಅಂತ ಸ್ಪ್ರಿಂಗ್ ಎಗರಿದ ಸದ್ದು ಬಂದರೆ ಮೇಲಿನ ಬೇರಿಂಗ್ ಸಲೀಸಾಗಿ ತಿರುಗುತ್ತಿಲ್ಲ. ಸ್ಪ್ರಿಂಗ್ ತಿರುಚಿಕೊಂಡು ಆಮೇಲೆ ಒಮ್ಮೆಲೇ ಬಿಡುತ್ತದೆ. ಕಿರ್ ಕಿರ್ ಅಂದರೆ ಬಹುಮಟ್ಟಿಗೆ ರಬ್ಬರ್ ಬುಷ್.

ನನ್ನದು ಮೊದಲನೇ ಥರ. ಸಡಿಲ ಎಲ್ಲಿ ಅನ್ನೋದಷ್ಟೇ ಪ್ರಶ್ನೆ.

ಟಕ್ ಟಕ್: ಕೆಳಗಿನಿಂದ ಮೇಲಕ್ಕೆ

ಗಾಡಿ ಎತ್ತುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಸದ್ದು ಬರುವ ಜಾಗದಲ್ಲೇ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ದಾಟಿ. ಸದ್ದು ನಿಂತರೆ ಸಸ್ಪೆನ್ಶನ್ ಮುಟ್ಟಲೇಬೇಡಿ, ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಅಲ್ಲಾಡುತ್ತಿದೆ. ಕಿಟ್ ಹಾಕುವಾಗ ಕ್ಯಾಲಿಪರ್ ಬಿಚ್ಚಿ ನೇತುಹಾಕಿರುತ್ತಾರೆ, ಕ್ಲಿಪ್ ಸರಿಯಾಗಿ ಕೂರಿಸಿರುವುದಿಲ್ಲ. ನನ್ನ ಗಾಡಿಯಲ್ಲಿ ನಿಲ್ಲಲಿಲ್ಲ.

ಮುಂದೆ ಚಕ್ರದ ನಟ್ ಸಡಿಲಿಸಿ, ಆಮೇಲೆ ಜಾಕ್ ಹಾಕಿ. ದಯವಿಟ್ಟು ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಎರಡು ಸ್ಟ್ಯಾಂಡ್ ಇಡಿ, ಬಿಚ್ಚಿದ ಚಕ್ರವನ್ನು ಸಿಲ್ (ಬಾಗಿಲ ಕೆಳಗಿನ ಅಂಚು) ಕೆಳಗೆ ಮಲಗಿಸಿ.

ಎರಡನೇದು ಡ್ರಾಪ್ ಲಿಂಕ್. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್ ತುದಿಯನ್ನು ಶಾಕಪ್ ಮೈಗೆ ಜೋಡಿಸುವ ಕಡ್ಡಿ ಇದು. ಕೆಲವು ಗಾಡಿಗಳಲ್ಲಿ ಇದು ಕೆಳಗಿನ ಆರ್ಮ್‌ಗೆ ಹೋಗುತ್ತದೆ, ನನ್ನದರಲ್ಲಿ ಶಾಕಪ್‌ಗೆ. ಗಾಡಿ ಕೆಳಗಿಳಿಸಿದಾಗ ಹಳೇ ಲಿಂಕ್ ಬೇಕಾದದ್ದಕ್ಕಿಂತ ಉದ್ದವಾಗಿಬಿಡುತ್ತದೆ. ಬಾರ್‌ನ ಕೋನ ಬದಲಾಗಿ ಲಿಂಕ್‌ನ ಬಾಲ್ ಜಾಯಿಂಟ್ ಕೊನೆಯವರೆಗೆ ವಾಲಿ ನಿಲ್ಲುತ್ತದೆ. ಬಾರ್ ಎಲ್ಲಾದರೂ ತಾಗುತ್ತಿದೆಯಾ ಅಂತಲೂ ನೋಡಿ, ತಾಗಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ಖಚಿತ ಮಾಡಿಕೊಳ್ಳಲು ಎರಡೂ ಲಿಂಕ್ ಬಿಚ್ಚಿ, ಬಾರ್ ತುದಿ ಎಲ್ಲೂ ಹೊಡೆಯದಂತೆ ಕಟ್ಟಿ, ಖಾಲಿ ಮೈದಾನದಲ್ಲಿ ನಡೆಯುವ ವೇಗದಲ್ಲಿ ಒಂದು ಸುತ್ತು ಹಾಕಿ. ಸದ್ದು ಹೋದರೆ ಲಿಂಕ್ ಅಥವಾ ಬಾರ್ ಬುಷ್. ರಸ್ತೆಗೆ ಹಾಗೇ ಹೋಗಬೇಡಿ, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಮತ್ತೆ ಹಾಕುವಾಗ ಎರಡೂ ಚಕ್ರ ಒಂದೇ ಎತ್ತರದಲ್ಲಿರಲಿ. ಇಲ್ಲದಿದ್ದರೆ ಬಾರ್ ಮೊದಲೇ ತಿರುಚಿಕೊಂಡು ಕೂರುತ್ತದೆ.

ಲಿಂಕ್ ಬಿಚ್ಚಿ ಓಡಿಸಿದೆ. ಸದ್ದು ಹಾಗೇ ಇತ್ತು.

ಮೂರನೇದು ಸ್ಪ್ರಿಂಗ್. ಚಕ್ರ ನೇತಾಡುತ್ತಿರುವಾಗ ಸ್ಪ್ರಿಂಗ್ ಹಿಡಿದು ಕೈಯಿಂದ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಸಲೀಸಾಗಿ ಕುಣಿದರೆ ಅಲ್ಲೇ ಸದ್ದಿನ ಮೂಲ. ಚಕ್ರ ತಗ್ಗಿಗೆ ಇಳಿದಾಗ ಸ್ಪ್ರಿಂಗ್ ತನ್ನ ಕುರ್ಚಿ ಬಿಟ್ಟು ಎದ್ದು, ಮತ್ತೆ ಬಡಿದು ಕೂರುತ್ತದೆ. ರಿಂಗ್ ತೀರಾ ಕೆಳಗಿಳಿಸಿ ಗಾಡಿ ತಗ್ಗಿಸಿದವರಿಗೆ ಇದು ಆಗಿಯೇ ಆಗುತ್ತದೆ. ರಿಂಗ್ ಮೇಲೆ ತಂದು 3ರಿಂದ 5 ಮಿಲಿಮೀಟರ್ ಬಿಗಿ ಕೊಟ್ಟರೆ ಸಾಕು. ಎತ್ತರ ಬೇಕಾದಷ್ಟು ಕೆಳಗೆ ಬರದಿದ್ದರೆ ಬ್ರಾಕೆಟ್‌ನಿಂದ ಇಳಿಸಿ. ಬ್ರಾಕೆಟ್ ಹೊಂದಾಣಿಕೆ ಇಲ್ಲದ ಕಿಟ್ ಆದರೆ ಹೆಲ್ಪರ್ ಸ್ಪ್ರಿಂಗ್ (ಮುಖ್ಯ ಸ್ಪ್ರಿಂಗ್ ಸಡಿಲ ಬೀಳದಂತೆ ಹಿಡಿಯುವ ಸಣ್ಣ ಸ್ಪ್ರಿಂಗ್) ಹಾಕಬೇಕು.

ಸುಮಾರು ಜನ ಇಲ್ಲಿ ಒಂದು ತಪ್ಪು ತಿಳಿದಿರುತ್ತಾರೆ. ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ. ಲೆಕ್ಕ ನೋಡಿ. ಒಂದು ಮುಂದಿನ ಚಕ್ರದ ಮೇಲೆ 300 ಕೆಜಿ ಭಾರ ಇದೆ ಅಂತಿಟ್ಟುಕೊಳ್ಳಿ. ಸ್ಪ್ರಿಂಗ್ 5 ಕೆಜಿಯದು, ಅಂದರೆ 1 ಮಿಲಿಮೀಟರ್ ಒತ್ತಲು 5 ಕೆಜಿ ಬೇಕು. ಗಾಡಿ ಕೆಳಗಿಳಿಸಿದಾಗ ಅದು 60 ಮಿಲಿಮೀಟರ್ ಒತ್ತಿಕೊಳ್ಳುತ್ತದೆ. ನೀವು ಮೊದಲೇ 10 ಮಿಲಿಮೀಟರ್ ಒತ್ತಿ ಕೂರಿಸಿದ್ದರೆ, ಗಾಡಿ ಭಾರಕ್ಕೆ ಉಳಿದ 50 ಮಾತ್ರ ಇಳಿಯುತ್ತದೆ. ಒಟ್ಟು ಅದೇ 60. ಮುಂದಿನ ಒಂದು ಮಿಲಿಮೀಟರ್‌ಗೆ ಆಗಲೂ 5 ಕೆಜಿಯೇ, ಈಗಲೂ 5 ಕೆಜಿಯೇ. ಬದಲಾಗಿದ್ದು ಗಾಡಿಯ ಎತ್ತರ, ಮತ್ತು ಚಕ್ರ ಎಷ್ಟು ಕೆಳಗೆ ಇಳಿಯಬಲ್ಲದು, ಎಷ್ಟು ಮೇಲೆ ಏರಬಲ್ಲದು ಅನ್ನುವ ಜಾಗದ ಹಂಚಿಕೆ.

ನನ್ನ ಸ್ಪ್ರಿಂಗ್ ಕೈಗೆ ತಿರುಗಲಿಲ್ಲ. ಲಾಕ್ ರಿಂಗ್ ಮೇಲೆ ಪೇಂಟ್ ಮಾರ್ಕರ್‌ನಿಂದ ಎಳೆದ ಹಳದಿ ಗೆರೆ ಕೂಡ ಸರಿದಿರಲಿಲ್ಲ. ಶಾಕಪ್ ಮತ್ತು ನಕಲ್ (ಚಕ್ರ ಕೂರುವ ಲೋಹದ ಭಾಗ) ಸೇರುವ ಎರಡು ಬೋಲ್ಟ್ ಅನ್ನು ಬಿಗಿ ಅಳೆಯುವ ಪಾನಾದಲ್ಲಿ, ಅಂದರೆ ಟಾರ್ಕ್ ರೆಂಚ್‌ನಲ್ಲಿ ನೋಡಿದೆ, ಸರಿ ಇತ್ತು. ಕೆಳಗಿನ ಆರ್ಮ್‌ನ ಬಾಲ್ ಜಾಯಿಂಟ್‌ಗೆ ಕಬ್ಬಿಣದ ಸಲಾಕೆ ಹಾಕಿ ಮೀಟಿದೆ, ಆಟ ಇಲ್ಲ. ಒಂದು ಭಾನುವಾರ ಮುಗಿಯಿತು.

ಬೆರಳು, ಆಮೇಲೆ ಗೇಜ್

ಸೋಮವಾರ ಶಾಪ್‌ನಲ್ಲಿ ನಮ್ಮ ಹಿರಿಯ ಫಿಟ್ಟರ್ ಕಾಕಾ ಹತ್ತಿರ ಎಲ್ಲಾ ಹೇಳಿದೆ. ಅವರು ಕಾರ್ ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷ ಲೇಥ್, ಮಿಲ್ಲಿಂಗ್ ಮಷಿನ್‌ಗಳ ಬೇರಿಂಗ್ ಕೂರಿಸಿದವರು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ತಮ್ಮಾ, ಮ್ಯಾಲಿನ ನಟ್ಟಿನ ಮ್ಯಾಲ ಬೆರಳು ಇಟ್ಟು ನೋಡಿಯೇನು?"

"ಇಲ್ರಿ ಕಾಕಾ. ಟಾರ್ಕ್ ಹಾಕಿ ನೋಡೇನ್ರಿ, ಬರೋಬ್ಬರಿ ಐತಿ."

"ಟಾರ್ಕ್ ಬರೋಬ್ಬರಿ ಇದ್ರ ಬಿಗಿ ಐತಿ ಅಂತ ಯಾರ ಹೇಳ್ಯಾರ? ಕಿವಿ ಮ್ಯಾಲೆ ಭರೋಸಾ ಇಡಬ್ಯಾಡ. ಬೆರಳು ಇಡು."

ಸಂಜೆ ಶಿಫ್ಟ್ ಮುಗಿದ ಮೇಲೆ ಅಂಗಳದಲ್ಲೇ ಬಾನೆಟ್ ಎತ್ತಿದೆವು. ಇಬ್ಬರು ಹುಡುಗರು ಎಡಗಡೆ ಮಡ್‌ಗಾರ್ಡ್ ಮೇಲೆ ಭಾರ ಹಾಕಿ ಗಾಡಿಯನ್ನು ಜೋರಾಗಿ ಒತ್ತಿ ಬಿಟ್ಟರು. ನಾನು ಟವರ್ (ಬಾನೆಟ್ ಒಳಗೆ ಶಾಕಪ್‌ನ ಮೇಲ್ತುದಿ ಕೂರುವ ಜಾಗ) ಮೇಲಿನ ನಟ್ಟಿಗೆ ಬೆರಳ ತುದಿ ತಾಗಿಸಿ ನಿಂತೆ. ಅರ್ಧ ಬೆರಳು ನಟ್ಟಿನ ಮೇಲೆ, ಅರ್ಧ ಮೌಂಟ್ ತಟ್ಟೆಯ ಮೇಲೆ. ಒತ್ತಿದಾಗ ಏನೂ ಇಲ್ಲ. ಬಿಟ್ಟಾಗ, ಗಾಡಿ ಮೇಲೇಳುವ ಕ್ಷಣಕ್ಕೆ, ಬೆರಳಿನ ಅಡಿಯಲ್ಲಿ ಚಿಟ್ ಅಂತ ಒಂದು ಸಣ್ಣ ಹೊಡೆತ. ಹಲ್ಲಿನ ಮೇಲೆ ಉಗುರು ತಾಗಿದಷ್ಟು. ಬಲಗಡೆ ಹಾಗೇ ಮಾಡಿದೆವು. ಅಲ್ಲಿ ಬೆರಳಿಗೆ ಏನೂ ತಿಳಿಯಲಿಲ್ಲ.

ಡಯಲ್ ಗೇಜ್ ತಂದೆ. ಮ್ಯಾಗ್ನೆಟ್ ಸ್ಟ್ಯಾಂಡ್ ಅನ್ನು ಟವರ್‌ನ ತಗಡಿಗೆ ಅಂಟಿಸಿ, ಗೇಜ್ ಮೊನೆಯನ್ನು ಶಾಕಪ್ ರಾಡ್ ತುದಿಗೆ ನೇರ ನಿಲ್ಲಿಸಿದೆ. ಮೌಂಟ್ ತಟ್ಟೆ ಅಲ್ಯೂಮಿನಿಯಂ ಆದರೆ ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಪಕ್ಕದ ಉಕ್ಕಿನ ತಗಡೇ ಬೇಕು. ಬಲಗಡೆ ಮುಳ್ಳು 0.02 ಮಿಲಿಮೀಟರ್ ಅಲುಗಿತು, ಅದು ತಗಡಿನದ್ದೇ ಅಲುಗಾಟ. ಎಡಗಡೆ 0.6. ಪ್ರತಿ ಸಲ ಅದೇ 0.6.

ಒಂದು ಎಚ್ಚರಿಕೆ. ಈ ಅಳತೆ ಪಿಲ್ಲೋ ಬಾಲ್ ಇರುವ ಮೌಂಟ್‌ಗೆ ಮಾತ್ರ. ರಬ್ಬರ್ ಮೌಂಟ್ ತಾನಾಗಿಯೇ ಮಿಲಿಮೀಟರ್‌ಗಟ್ಟಲೆ ಕುಗ್ಗಿ ಹಿಗ್ಗುತ್ತದೆ. ಅಲ್ಲಿ ಎಡ ಬಲ ಹೋಲಿಸಿ ನೋಡಬಹುದು, ಅಷ್ಟೇ.

ಮರುವಾರ ಎಡಗಡೆಯ ಜೋಡಣೆ ಪೂರ್ತಿ ಇಳಿಸಿದೆ. ಮೇಲಿನ ನಟ್ ಬಿಚ್ಚುವ ಮುಂಚೆ ಸ್ಪ್ರಿಂಗ್ ಬಿಗಿ ಇಳಿಸಲೇಬೇಕು. ಕಿಟ್‌ನಲ್ಲಾದರೆ ರಿಂಗ್ ಪೂರ್ತಿ ಕೆಳಗೆ ತಿರುಗಿಸಿ ಸ್ಪ್ರಿಂಗ್ ಸಡಿಲ ಮಾಡಿಕೊಳ್ಳಬಹುದು. ಕಂಪನಿ ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಬಹಳ ಒತ್ತಿಕೊಂಡಿರುತ್ತದೆ, ಕಂಪ್ರೆಸರ್ ಇಲ್ಲದೆ ಆ ನಟ್ ಮುಟ್ಟಿದರೆ ಜೀವಕ್ಕೇ ಅಪಾಯ.

ರಾಡ್‌ನ ಮೆಟ್ಟಿಲಿನ ಹತ್ತಿರ ಒಂದು ಬಿಳಿ ಉಂಗುರದ ಗುರುತು ಇತ್ತು. ಬೇರಿಂಗ್ ಮೇಲೆ ಕೆಳಗೆ ಬಡಿದು ಉಜ್ಜಿದ ಜಾಗ ಅದು. ಬೇರಿಂಗ್ ಮತ್ತು ನಟ್ ಮಧ್ಯೆ ಒಂದು ಸಣ್ಣ ಕಾಲರ್ ಇರಬೇಕಿತ್ತು. ಇರಲಿಲ್ಲ. ಕಿಟ್ ಬಂದಿದ್ದ ಡಬ್ಬವನ್ನು ಅಟ್ಟದಿಂದ ಇಳಿಸಿ ಕೊಡವಿದೆ. ತಳದ ಥರ್ಮೋಕೋಲ್ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆ ಕಾಲರ್, ಎಣ್ಣೆ ಆರದೆ ಹೊಚ್ಚಹೊಸದಾಗಿ.

ಕಾಲರ್ ಇಲ್ಲದೆ ನಟ್ ಇನ್ನೂ ಕೆಳಗೆ ಹೋಗಿ ಥ್ರೆಡ್ ಮುಗಿಯುವಲ್ಲಿ ಬಿಗಿಯಾಗಿ ನಿಂತಿತ್ತು. ಹಾಗಾಗಿಯೇ ಟಾರ್ಕ್ ರೆಂಚ್ ಕಟ್ ಅಂತ ಸರಿಯಾಗಿ ಹೇಳುತ್ತಿತ್ತು. ನಟ್ ರಾಡ್‌ಗೆ ಬಿಗಿ, ಬೇರಿಂಗ್ ಮಾತ್ರ ಮಧ್ಯೆ ಸಡಿಲ. ಕಾಕಾ ಹೇಳಿದ್ದು ಇದನ್ನೇ.

ಹೆದ್ದಾರಿಯಲ್ಲಿ ಯಾಕೆ ಸದ್ದಿಲ್ಲ ಅನ್ನುವುದೂ ಆಗ ತಿಳಿಯಿತು. ಇಂಥ ಶಾಕಪ್ ಒಳಗಿನ ನೈಟ್ರೋಜನ್ ಗ್ಯಾಸ್ ರಾಡ್ ಅನ್ನು ಸದಾ ಹೊರಗೆ, ಮೇಲಕ್ಕೆ ತಳ್ಳುತ್ತಿರುತ್ತದೆ. ನುಣುಪು ರಸ್ತೆಯಲ್ಲಿ ರಾಡ್ ಆ ಒತ್ತಡಕ್ಕೆ ಮೇಲೇ ಅಂಟಿಕೊಂಡಿರುತ್ತದೆ. ಹಳಿಯ ಮೇಲೆ ಚಕ್ರ ತಟ್ಟನೆ ಇಳಿದಾಗ ಶಾಕಪ್ ರಾಡ್ ಅನ್ನು ಕೆಳಗೆ ಎಳೆಯುತ್ತದೆ. ಆ ಎಳೆತ ಗ್ಯಾಸ್‌ನ ತಳ್ಳುವಿಕೆಗಿಂತ ಜಾಸ್ತಿ ಆದ ಕೂಡಲೇ ರಾಡ್ 0.6 ಮಿಲಿಮೀಟರ್ ಹಾರುತ್ತದೆ. ಅದೇ ಟಕ್. ಮತ್ತೆ ಮೇಲೆ ಹೋಗುವಾಗ ಎರಡನೇ ಟಕ್.

ಕಾಲರ್ ಹಾಕಿ, ರಾಡ್ ತುದಿಯನ್ನು ಅಲೆನ್ ಕೀಯಿಂದ ಹಿಡಿದು, ನಟ್ ಅನ್ನು ಕೈಪಾನಾದಿಂದ ತಿರುಗಿಸಿ, ಕೊನೆಗೆ ಕಿಟ್ ಜೊತೆ ಬಂದ ಹಾಳೆಯಲ್ಲಿ ಬರೆದ ಟಾರ್ಕ್ ಕೊಟ್ಟೆ. ಗಾಳಿ ಗನ್ ಇಲ್ಲಿ ಬೇಡವೇ ಬೇಡ. ಅದು ನಟ್ ಜೊತೆ ರಾಡ್ ಅನ್ನೂ ಗರಗರ ತಿರುಗಿಸಿ ಒಳಗಿನ ಸೀಲ್, ಪಿಸ್ಟನ್ ಹಾಳು ಮಾಡುತ್ತದೆ. ಮತ್ತೆ ಗೇಜ್ ಇಟ್ಟೆ. ಎಡಗಡೆಯೂ 0.02. ಎರಡನೇ ಗೇಟ್ ಮೇಲೆ ನಾಲ್ಕು ಸಲ ಹೋಗಿ ಬಂದೆ. ಗೇಟ್‌ಮನ್ ನನ್ನನ್ನೇ ನೋಡುತ್ತಿದ್ದ. ಸದ್ದು ಇಲ್ಲ.

ಧಡ್: ಇದಕ್ಕೆ ಸಡಿಲ ಕಾರಣ ಅಲ್ಲ, ಜಾಗ ಸಾಲದು

ಬೈಲಹೊಂಗಲದ ಗೆಳೆಯನ ಗಾಡಿ ಇದಕ್ಕೆ ಒಳ್ಳೆಯ ಉದಾಹರಣೆ. ನೋಡಲು ಚೆಂದ ಅಂತ ಗಾಡಿಯನ್ನು 60 ಮಿಲಿಮೀಟರ್ ತಗ್ಗಿಸಿದ್ದ, ಅದೂ ರಿಂಗ್‌ನಿಂದಲೇ. ಜಾಂಬೋಟಿ ದಾಟಿ ಕಣಕುಂಬಿ ಮೇಲೆ ಚೋರ್ಲಾ ಘಾಟ್ ಕಡೆ ಹೋದಾಗ ತಗ್ಗು ಬಂದಲ್ಲೆಲ್ಲಾ ಧಡ್. "ಲೇ, ನನ್ನ ಶಾಕಪ್ ಭಾಳ ಮೆತ್ತಗ ಐತಿ" ಅಂತ ಹೇಳಿ ಶಾಕಪ್ ಗಟ್ಟಿ ಮೆತ್ತಗೆ ಮಾಡುವ ಗುಂಡಿಯ ಕ್ಲಿಕ್ ಎಲ್ಲಾ ಗಟ್ಟಿ ಕಡೆಗೆ ತಿರುಗಿಸಿದ್ದ. ಇನ್ನೂ ಕೆಟ್ಟದಾಯಿತು.

ಇಲ್ಲಿ ಬೇಕಾಗುವ ಉಪಕರಣ ಎರಡು ರೂಪಾಯಿಯ ಪ್ಲಾಸ್ಟಿಕ್ ಟೈ. ರಾಡ್ ಹೊರಗೆ ಕಾಣುವ ಶಾಕಪ್ ಆದರೆ, ಧೂಳಿನ ಕವರ್ ಮೇಲೆ ಸರಿಸಿ, ರಾಡ್‌ಗೆ ಟೈ ಕಟ್ಟಿ ಕೆಳಗಿನ ಸೀಲ್‌ಗೆ ತಾಗುವಂತೆ ಇಳಿಸಿ. ಗೀರು ಬೀಳಬಾರದು, ಹಗುರ ಬಿಗಿ ಸಾಕು. ನಿಮ್ಮ ದಿನದ ರಸ್ತೆಯಲ್ಲಿ ಓಡಿಸಿ ಬನ್ನಿ. ಶಾಕಪ್ ಎಷ್ಟು ಒಳಗೆ ಹೋಗಿತ್ತೋ ಅಲ್ಲಿಯವರೆಗೆ ಟೈ ಸರಿದು ನಿಂತಿರುತ್ತದೆ. ಅದು ಹೋಗಿ ಬಂಪ್ ಸ್ಟಾಪ್‌ಗೆ ಅಂಟಿಕೊಂಡಿದ್ದರೆ ಉತ್ತರ ಸಿಕ್ಕ ಹಾಗೆ.

ಗೆಳೆಯನ ಗಾಡಿ ಸುಮ್ನೆ ನಿಂತಾಗಲೇ ಬಂಪ್ ಸ್ಟಾಪ್‌ವರೆಗೆ ಉಳಿದಿದ್ದು 22 ಮಿಲಿಮೀಟರ್. ನಾಲ್ಕು ಜನ ಕೂತರೆ ಇನ್ನೂ ಕಡಿಮೆ. ಎರಡು ಬೆರಳಿನ ಅಗಲದಷ್ಟು ಜಾಗ ಇಲ್ಲದಿದ್ದರೆ ಯಾವ ಶಾಕಪ್ ಆದರೂ ಏನು ಮಾಡೀತು? ಕೆಲವರು ಇಲ್ಲಿ ಬಂಪ್ ಸ್ಟಾಪ್ ಕತ್ತರಿಸಿ ಬಿಸಾಡುತ್ತಾರೆ. ಹಾಗೆ ಮಾಡಬೇಡಿ. ಆಮೇಲೆ ಪಿಸ್ಟನ್ ಒಳಗೇ ತಳಕ್ಕೆ ಹೊಡೆಯುತ್ತದೆ, ಶಾಕಪ್ ನಿಜವಾಗಿಯೂ ಸಾಯುತ್ತದೆ.

ಕ್ಲಿಕ್ ಗಟ್ಟಿ ಮಾಡಿದ್ದು ಯಾಕೆ ಕೆಡಿಸಿತು? ಒಂದೇ ಗುಂಡಿಯಿಂದ ಹೊಂದಿಸುವ ಹೆಚ್ಚಿನ ಕಿಟ್‌ಗಳಲ್ಲಿ ಆ ಗುಂಡಿ ಮುಖ್ಯವಾಗಿ ಶಾಕಪ್ ಬಿಚ್ಚಿಕೊಳ್ಳುವ ವೇಗವನ್ನು ತಡೆಯುತ್ತದೆ. ಒತ್ತಿಕೊಂಡ ಸ್ಪ್ರಿಂಗ್ ವಾಪಸ್ ಮೇಲೇಳುವುದು ನಿಧಾನ ಆಗುತ್ತದೆ. ಒಂದರ ಹಿಂದೆ ಒಂದು ತಗ್ಗು ಬಂದರೆ, ಮೊದಲನೆಯದರಿಂದ ಪೂರ್ತಿ ಏಳುವ ಮುಂಚೆಯೇ ಎರಡನೆಯದು, ಮೂರನೆಯದು. ಗಾಡಿ ಮೆಟ್ಟಿಲಿಳಿದಂತೆ ಕೆಳಗೆ ಕೆಳಗೆ ಹೋಗಿ ಬಂಪ್ ಸ್ಟಾಪ್ ಮೇಲೇ ಓಡುತ್ತದೆ. ಸಾಲು ರಂಬಲ್ ಪಟ್ಟಿಗಳ ಮೇಲೆ ಕೊನೆಯ ಪಟ್ಟಿಗೆ ಮಾತ್ರ ಜೋರು ಹೊಡೆತ ಬಂದರೆ ಇದೇ ರೋಗ.

ಅವನ ಗಾಡಿಯನ್ನು 25 ಮಿಲಿಮೀಟರ್ ಮೇಲೆತ್ತಿದೆವು. ಕ್ಲಿಕ್ ಅನ್ನು ಪೂರ್ತಿ ಗಟ್ಟಿಯಿಂದ ಎಣಿಸುತ್ತಾ ಅರ್ಧಕ್ಕೆ ತಂದೆವು. ಧಡ್ ಸುಮಾರು ಹೋಯಿತು. ಉಳಿದಿದ್ದು ಸ್ಪ್ರಿಂಗ್ ಆಯ್ಕೆಯ ತಪ್ಪು. ಅದನ್ನು ಕೊಳ್ಳುವಾಗಲೇ ನೋಡಬೇಕಿತ್ತು.

ಯಾವ ಸ್ಪ್ರಿಂಗ್

ಅದೇ 300 ಕೆಜಿ ಲೆಕ್ಕದಲ್ಲಿ ಹೇಳುತ್ತೇನೆ. ಕಂಪನಿಯ 2 ಕೆಜಿ ಸ್ಪ್ರಿಂಗ್ ಮೇಲೆ ಗಾಡಿಯ ಮೂತಿ ಸೆಕೆಂಡಿಗೆ ಸುಮಾರು 1.3 ಸಲ ಕುಣಿಯುತ್ತದೆ. ಮೈಗೆ ಹಿತ. 4 ಕೆಜಿಗೆ 1.8 ಸಲ, 5 ಕೆಜಿಗೆ ಸುಮಾರು 2 ಸಲ. 8 ಕೆಜಿಗೆ 2.6. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಟ್ಟುಕೋಟೈ ಟ್ರ್ಯಾಕ್‌ನ ನುಣುಪು ಡಾಂಬರಿನ ಮೇಲೆ 8 ಕೆಜಿ ಚೆನ್ನಾಗಿ ಕೆಲಸ ಮಾಡೀತು. ಖಾನಾಪುರ ರಸ್ತೆಯಲ್ಲಿ ಜೂನ್ ಮಳೆ ಶುರುವಾದ ಮೇಲೆ ಅದೇ ಸ್ಪ್ರಿಂಗ್‌ನಲ್ಲಿ ಟೈರ್ ನೆಲ ಬಿಟ್ಟು ನೆಗೆಯುತ್ತದೆ. ನೆಲ ಬಿಟ್ಟ ಟೈರ್‌ಗೆ ಹಿಡಿತ ಎಲ್ಲಿಂದ ಬರಬೇಕು? ಬೆಳಗಾವಿಯಲ್ಲಿ ದಿನಾ ಓಡಿಸಿ, ಆಗಾಗ ಘಾಟ್ ಹತ್ತುವ ಹ್ಯಾಚ್‌ಬ್ಯಾಕ್‌ಗೆ ಮುಂದೆ 4ರಿಂದ 5 ಕೆಜಿ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಗ್ಗಿಸುವುದು 25ರಿಂದ 30 ಮಿಲಿಮೀಟರ್ ಒಳಗೆ.

ಇನ್ನೂ ತಗ್ಗಿಸಿದರೆ ಬೇರೆ ನಷ್ಟ ಇದೆ. ಮುಂದಿನ ಕೆಳ ಆರ್ಮ್ ಅನ್ನು ಗಾಡಿಯ ಎದುರಿನಿಂದ ನೋಡಿ. ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿ ಅಥವಾ ಹೆಚ್ಚೆಂದರೆ ಸಮ ಇರಬೇಕು. ಚಕ್ರದ ಕಡೆ ಏರಿದ್ದರೆ ರೋಲ್ ಸೆಂಟರ್ (ಗಾಡಿ ವಾಲುವಾಗ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದು) ಗಾಡಿಯ ಭಾರಕೇಂದ್ರಕ್ಕಿಂತ ಬೇಗ ಕೆಳಗೆ ಹೋಗಿದೆ ಅಂತ ಅರ್ಥ. ತಗ್ಗಿಸಿದ ಗಾಡಿ ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲಲು ನೋಡುತ್ತದೆ.

ಕಿಟ್ ಕೊಳ್ಳುವಾಗ ಸ್ಪ್ರಿಂಗ್ ಎಷ್ಟು ಕೆಜಿಯದು, ಶಾಕಪ್ ಓಟದ ಉದ್ದ, ಬಿಡಿ ಭಾಗ ಸಿಗುತ್ತಾ, ಶಾಕಪ್ ಮತ್ತೆ ಬಿಚ್ಚಿ ರಿಪೇರಿ ಮಾಡಬಹುದಾ, ಈ ನಾಲ್ಕನ್ನು ಬರವಣಿಗೆಯಲ್ಲಿ ಕೇಳಿ. ಬಣ್ಣ ಕೊನೆಗೆ. ಇನ್ಶೂರೆನ್ಸ್‌ಗೆ ತಿಳಿಸಿ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಕಡೆ ಎಳೆಯುವುದು, ಟೈರ್ ತಿನ್ನುವುದು

ಎತ್ತರ ಮುಟ್ಟಿದರೆ ಅಲೈನ್‌ಮೆಂಟ್ ಮಾಡಲೇಬೇಕು. ಮ್ಯಾಕ್‌ಫರ್ಸನ್ ಗಾಡಿ ತಗ್ಗಿಸಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಹೊರಗೆ ತಿರುಗಿರುವುದು), ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವುದು) ಎರಡೂ ಬದಲಾಗುತ್ತವೆ. ಟೈರ್‌ನ ಒಳ ಅಂಚು ಬೇಗ ಸವೆದರೆ ಎಲ್ಲರೂ ಕ್ಯಾಂಬರ್ ಅನ್ನು ಬೈಯುತ್ತಾರೆ, ಆದರೆ ಟೈರ್ ಅನ್ನು ಜಾಸ್ತಿ ತಿನ್ನುವುದು ತಪ್ಪು ಟೋ. ದಿನದ ಬಳಕೆಗೆ ಕ್ಯಾಂಬರ್ ಮೈನಸ್ 1ರಿಂದ 1.5 ಡಿಗ್ರಿ, ಟೋ ಸೊನ್ನೆಯ ಹತ್ತಿರ. ನಾನು ಹೀಗೇ ಇಟ್ಟಿದ್ದೇನೆ.

ಅಲೈನ್‌ಮೆಂಟ್ ಮಾಡಿಸಿಯೂ ಎಳೆದರೆ ಎತ್ತರ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಗಾಳಿಯ ಲೆಕ್ಕ ಸೇರಿಬಿಡುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿಯಿರಿ. ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟು ತೂಕದವರು ಕೂತಿರಲಿ. ಎಡ ಬಲ 5 ಮಿಲಿಮೀಟರ್ ಒಳಗೆ ಬರಬೇಕು. ನೆಲ ಸಮ ಇದೆಯಾ ಅಂತ ತಿಳಿಯಲು ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನ ಇಲ್ಲ. ನಮ್ಮ ಶಾಪ್ ಅಂಗಳ ಕಣ್ಣಿಗೆ ಸಮ ಕಾಣುತ್ತಿತ್ತು. ಪೈಪ್ ಹಿಡಿದಾಗ ಒಂದು ಮೂಲೆ 14 ಮಿಲಿಮೀಟರ್ ತಗ್ಗು. ಆ ಚಕ್ರದ ಕೆಳಗೆ ಪ್ಲೈವುಡ್ ತುಂಡು ಇಟ್ಟು ಅಳೆದೆವು.

ಬುಷ್‌ಗಳ ವಿಷಯ ಮರೆಯಬೇಡಿ. ಕೆಳಗಿನ ಆರ್ಮ್, ಹಿಂದಿನ ಬೀಮ್‌ನ ರಬ್ಬರ್ ಬುಷ್ ಬೋಲ್ಟ್ ಅನ್ನು ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತದೆ, ಕಿರ್ ಅನ್ನುತ್ತದೆ, ಕೆಲ ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ನಾಲ್ಕೂ ಚಕ್ರ ದಪ್ಪ ಮರದ ದಿಮ್ಮಿ ಮೇಲೆ ನಿಲ್ಲಿಸಿ, ಪೂರ್ತಿ ಭಾರ ಬಿದ್ದ ಮೇಲೆ ಬಿಗಿ ಮಾಡಿ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಕೆಂಪು ರಾಡಿ ಥ್ರೆಡ್ ಒಳಗೆ ಸೇರಿ ಗಟ್ಟಿಯಾಗುತ್ತದೆ. ಗೆಳೆಯನ ರಿಂಗ್ ಹಾಗೇ ಸಿಕ್ಕಿಹಾಕಿಕೊಂಡಿತ್ತು. ಅವನು ಉಳಿ, ಸುತ್ತಿಗೆ ತಂದಿದ್ದ. ತಡೆದೆ. ಅಲ್ಯೂಮಿನಿಯಂ ರಿಂಗ್ ಒಂದೇ ಏಟಿಗೆ ಹಲ್ಲು ಮುರಿದುಕೊಳ್ಳುತ್ತದೆ. ನೀರಿನಿಂದ ರಾಡಿ ತೊಳೆದು, ನೈಲಾನ್ ಬ್ರಶ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆವು. ಬೆಳಿಗ್ಗೆ ಕೊಕ್ಕೆ ಪಾನಾ ಹಾಕಿ ಮೊದಲು ಬಿಗಿ ಕಡೆಗೆ ಒಂದು ಕೂದಲೆಳೆಯಷ್ಟು ಒತ್ತಿ, ಆಮೇಲೆ ಸಡಿಲ ಕಡೆಗೆ. ಹೀಗೆ ಹಿಂದೆ ಮುಂದೆ ಹತ್ತು ಸಲ. ಹನ್ನೊಂದನೇ ಸಲಕ್ಕೆ ಕಿರ್ ಅಂತ ಬಿಟ್ಟಿತು. ಥ್ರೆಡ್ ಒಣಗಿಸಿ, ಮತ್ತೆ ಸಿಕ್ಕಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಲೇಪ ಹಚ್ಚಿದೆವು. ರಿಂಗ್ ಕೂರಿಸಿ ಎರಡೂ ರಿಂಗ್ ಮತ್ತು ಶಾಕಪ್ ಮೈ ಸೇರುವಂತೆ ಹೊಸ ಹಳದಿ ಗೆರೆ ಎಳೆದೆವು. ಈಗ ಅವನು ಪ್ರತಿ ತಿಂಗಳು ಟಾರ್ಚ್ ಹಾಕಿ ಆ ಗೆರೆಯ ಫೋಟೋ ತೆಗೆದು ನನಗೆ ಕಳಿಸುತ್ತಾನೆ.